ಕುದುರೆಯ ಹರಿವಾಣಗಳು

ಮಠದ ಪಾಠಶಾಲೆಯಲ್ಲಿ ಓದಿ, ಕಾಲೇಜಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹಳಗನ್ನಡ ಪಾಠ ಹೇಳಿ, ಆಯುಷ್ಯದ ಬಹುಭಾಗವನ್ನು ತಾಡವಾಲೆಗಳ ನಡುವೆ ಕಳೆದ ನನ್ನಂಥವನ ಮನೆಯ ಪಡಸಾಲೆಯಲ್ಲಿ ಕುದುರೆಗಳ ಚಿತ್ರವುಳ್ಳ ಹನ್ನೊಂದು ಪಿಂಗಾಣಿ ಹರಿವಾಣಗಳಿವೆ. ಬಂದ ಅತಿಥಿಗಳು ಅವುಗಳನ್ನು ಕಂಡು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಇವುಗಳಲ್ಲಿ ಉಣ್ಣುತ್ತೀರಾ ಎಂಬುದು ಮೊದಲನೆಯದು. ಕುದುರೆಯೇ ಏಕೆ ಎಂಬುದು ಎರಡನೆಯದು. ಮೂರನೆಯದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಆದರೆ ಅವರ ಮುಖದಲ್ಲಿ ಅದನ್ನು ಓದಬಹುದು. ಮಠದ ಅನ್ನ ಉಂಡು ಬೆಳೆದ ಮನುಷ್ಯನಿಗೆ ಆಂಗ್ಲರ ಬಾಡೂಟದ ಪಾತ್ರೆಗಳನ್ನು ಕೂಡಿಹಾಕುವ ಈ ಹವ್ಯಾಸ ಎಲ್ಲಿಂದ ಬಂತು? ಪ್ರಶ್ನೆ ನ್ಯಾಯವಾದುದೇ ಆಗಿದೆ. ಸಹೃದಯ ವಾಚಕರ ಮುಂದೆ ಅದಕ್ಕೆ ಯಥಾಶಕ್ತಿ ಉತ್ತರ ಕೊಡುವುದು ಈ ಬರಹದ ಉದ್ದೇಶ.

ನನ್ನ ಮಗ ವೈದ್ಯನಾಗಿ ಇಂಗ್ಲೆಂಡಿನ ಮಧ್ಯಭಾಗದ ಒಂದು ಊರಿನಲ್ಲಿ ನೆಲೆಸಿದ್ದಾನೆ. 2014ರಿಂದೀಚೆಗೆ ನಾನೂ ನನ್ನ ಶ್ರೀಮತಿಯವರೂ ಎರಡು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದು ಬರುವುದು ರೂಢಿಯಾಗಿದೆ. ಅಲ್ಲಿ ರವಿವಾರಗಳಂದು ಬಯಲಿನಲ್ಲಿ ಹಳೆಯ ಸಾಮಾನುಗಳ ಸಂತೆ ಸೇರುತ್ತದೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳಿಗೆ ಬೇಡವಾದ ಗಡಿಯಾರ, ಕನ್ನಡಿ, ಪುಸ್ತಕ, ಪಾತ್ರೆಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಮೊದಮೊದಲು ನಾನು ಪುಸ್ತಕಗಳಿಗಾಗಿ ಹೋಗುತ್ತಿದ್ದೆ. ಪುಸ್ತಕಗಳ ಪಕ್ಕದಲ್ಲಿ ಒರಗಿಸಿಟ್ಟಿದ್ದ ದೊಡ್ಡ ದೊಡ್ಡ ನೀಲಿ ಹರಿವಾಣಗಳು ಕ್ರಮೇಣ ಕಣ್ಣಿಗೆ ಬಿದ್ದವು.

ಹರಿವಾಣವೆಂದೊಡನೆ ನಮ್ಮ ಮನೆಗಳಲ್ಲಿ ಹಿತ್ತಾಳೆಯ ಅಗಲ ತಟ್ಟೆ ನೆನಪಾಗುತ್ತದೆ. ಆಂಗ್ಲರದು ಸಾಮಾನ್ಯವಾಗಿ ಅಂಡಾಕಾರದ್ದು. ದೊಡ್ಡದಾದರೆ ಇಪ್ಪತ್ತು ಅಂಗುಲಕ್ಕೂ ಉದ್ದ. ಎರಡು ಕೈಗಳಿಲ್ಲದೆ ಎತ್ತಲಾಗದು. ಒಂದು ಪೂರ್ಣ ಊಟದ ಜೋಡಣೆಯಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಇಂಥ ಹಲವು ಹರಿವಾಣಗಳು ಇಳಿಮೆಟ್ಟಿಲಿನಂತೆ ಇರುತ್ತವೆ. ಕೆಲವದರ ತಳದಲ್ಲಿ ಮರದ ಕಾಂಡ ಮತ್ತು ಕೊಂಬೆಗಳ ಆಕಾರದ ಕಾಲುವೆಗಳನ್ನೂ, ಒಂದು ಕೊನೆಯಲ್ಲಿ ಸಣ್ಣ ಗುಂಡಿಯನ್ನೂ ಮಾಡಿರುತ್ತಾರೆ. ಮಾಂಸದ ರಸ ಹರಿದು ಬಂದು ಅಲ್ಲಿ ನಿಲ್ಲಲಿ ಎಂಬುದು ಅದರ ಪ್ರಯೋಜನ. ಸ್ಕಾಟ್ಲೆಂಡಿನವರು ಇಂಥ ಹರಿವಾಣಕ್ಕೆ ಆಶೆಟ್ ಎನ್ನುತ್ತಾರೆ. ಫ್ರೆಂಚರ ಅಸಿಯೆಟ್ ಎಂಬ ಶಬ್ದದ ತದ್ಭವ ಅದು. ಭಾಷಾಭ್ಯಾಸಿಗೆ ಇಷ್ಟು ಸಾಕು, ಆಸಕ್ತಿ ಹುಟ್ಟಿಬಿಡುತ್ತದೆ.

ಮೊದಲ ಪ್ರಶ್ನೆಗೆ ಇಲ್ಲಿಯೇ ಉತ್ತರಿಸಿಬಿಡುತ್ತೇನೆ. ಈ ಹರಿವಾಣಗಳಲ್ಲಿ ನಾವು ಉಣ್ಣುವುದಿಲ್ಲ, ಬಡಿಸುವುದೂ ಇಲ್ಲ. ಮಾಂಸದ ಪಾತ್ರೆ ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂಬುದು ನಮ್ಮ ಮನೆಯವರ ಮೊದಲ ದಿನದ ನಿಬಂಧನೆ. ಅದನ್ನು ನಾನು ಸಂತೋಷದಿಂದ ಒಪ್ಪಿದ್ದೇನೆ. ಅದಲ್ಲದೆ ಇನ್ನೊಂದು ಕಾರಣವೂ ಇದೆ. ಹಳೆಯ ಮಣ್ಣಿನ ಪಾತ್ರೆಗಳ ಗಾಜಿನಂಥ ಮೆರುಗಿನಲ್ಲಿ ಸೀಸವಿರುತ್ತದೆ. ಮೆರುಗು ಸವೆದು ಬಿರುಕು ಬಿಟ್ಟ ಮೇಲೆ ಹುಣಸೆ, ಲಿಂಬೆ, ಮಜ್ಜಿಗೆಯಂಥ ಹುಳಿ ಪದಾರ್ಥಗಳು ಆ ಸೀಸವನ್ನು ಕರಗಿಸಿಕೊಳ್ಳಬಲ್ಲವು. ನಮ್ಮ ಊಟದಲ್ಲಿ ಹುಳಿಯಿಲ್ಲದ ದಿನ ಯಾವುದು? ಆದಕಾರಣ ಹಳೆಯ ಪಿಂಗಾಣಿ ಮನೆಯಲ್ಲಿದ್ದವರು ಅದನ್ನು ನೋಡುವುದಕ್ಕಷ್ಟೇ ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ಕುದುರೆಯ ವಿಷಯ. ನಾನು ಕುದುರೆ ಏರಿದವನಲ್ಲ. ಆದರೆ ವಿದ್ಯಾರ್ಥಿಗಳನ್ನು ಕರೆದುಕೊಂಡು ವರ್ಷವರ್ಷವೂ ಹಂಪಿಗೆ ಹೋಗುತ್ತಿದ್ದೆ. ಅಲ್ಲಿನ ಮಹಾನವಮಿ ದಿಬ್ಬದಲ್ಲಿ, ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಸಾಲುಗಟ್ಟಿದ ಕುದುರೆಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಊರೂರಿನ ವೀರಗಲ್ಲುಗಳ ಮೇಲೂ ಸವಾರನನ್ನು ಹೊತ್ತ ಕುದುರೆ ಇದ್ದೇ ಇದೆ. ಕಲ್ಲಿನ ಕುದುರೆಗೆ ಹೊಂದಿಕೊಂಡಿದ್ದ ಕಣ್ಣಿಗೆ ತಟ್ಟೆಯ ಮೇಲಣ ಕುದುರೆ ಹೊಸದೆನಿಸಿತು. ಕಲ್ಲಿನದು ಹೆಜ್ಜೆಯಿಡುತ್ತದೆ, ತಟ್ಟೆಯದು ನೆಲ ಬಿಟ್ಟು ಹಾರುತ್ತದೆ. ಮುಂಗಾಲುಗಳೆರಡೂ ಮುಂದಕ್ಕೆ, ಹಿಂಗಾಲುಗಳೆರಡೂ ಹಿಂದಕ್ಕೆ ಚಾಚಿ, ಹೊಟ್ಟೆ ನೆಲಕ್ಕೆ ತಾಗುವಂತೆ ಗಾಳಿಯಲ್ಲಿ ತೇಲುತ್ತದೆ.

ಕುದುರೆ ನಿಜವಾಗಿ ಹಾಗೆ ಓಡುವುದಿಲ್ಲ. ಓಡುವ ಕುದುರೆಯ ಕಾಲುಗಳು ಮನುಷ್ಯನ ಕಣ್ಣಿಗೆ ನಿಲುಕದಷ್ಟು ಚುರುಕಾದುದರಿಂದ ಶತಮಾನಗಳ ಕಾಲ ಚಿತ್ರಕಾರರು ಊಹೆಯಿಂದಲೇ ಬರೆದರು. 1878ರ ಜೂನ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಶ್ರೀಮಂತನ ಕುದುರೆಲಾಯದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಎಂಬ ಛಾಯಾಗ್ರಾಹಕನು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ಒಂದೊಂದು ಗಳಿಗೆಯನ್ನೂ ಬೇರೆಬೇರೆಯಾಗಿ ಹಿಡಿದನು. ನಾಲ್ಕೂ ಕಾಲುಗಳು ನೆಲ ಬಿಡುವುದು ನಿಜವೇ; ಆದರೆ ಅವು ಚಾಚಿಕೊಂಡಾಗ ಅಲ್ಲ, ಹೊಟ್ಟೆಯಡಿಗೆ ಮಡಚಿಕೊಂಡಾಗ ಎಂಬುದು ಆಗ ಲೋಕಕ್ಕೆ ಗೊತ್ತಾಯಿತು. ಅಲ್ಲಿಂದ ಮುಂದೆ ಬಲ್ಲ ಚಿತ್ರಕಾರರು ಹಾರುವ ಕುದುರೆಯನ್ನು ಮೆಲ್ಲಮೆಲ್ಲನೆ ಕೈಬಿಟ್ಟರು. ಹಳೆಯ ಚಿತ್ರಗಳನ್ನೇ ಮತ್ತೆ ಮತ್ತೆ ಅಚ್ಚುಹಾಕಿದ ಹರಿವಾಣಗಳ ಮೇಲೆ ಮಾತ್ರ ಅದು ಇಪ್ಪತ್ತನೆಯ ಶತಮಾನದಲ್ಲಿಯೂ ಹಾರುತ್ತಲೇ ಉಳಿಯಿತು.

ಕುದುರೆಗೂ ಪಿಂಗಾಣಿಗೂ ಇರುವ ನಂಟಿನಲ್ಲಿ ಗಣ್ಯವಾದ ಹೆಸರು ಜಾರ್ಜ್ ಸ್ಟಬ್ಸ್‌ನದು (1724–1806). ಲಿವರ್‌ಪೂಲಿನ ಒಬ್ಬ ಚರ್ಮಕಾರನ ಮಗ. ಕುದುರೆಯ ಒಳಮೈಯನ್ನು ಅರಿಯಬೇಕೆಂದು ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಸತ್ತ ಕುದುರೆಗಳನ್ನು ತಿಂಗಳುಗಟ್ಟಲೆ ಬಗೆದು ನೋಡಿ, 1766ರಲ್ಲಿ ಕುದುರೆಯ ಅಂಗರಚನೆಯ ಬಗ್ಗೆ ಗ್ರಂಥವನ್ನೇ ಹೊರತಂದ ಸಾಹಸಿ. ಬಣ್ಣ ಮಾಸದ, ಬಟ್ಟೆಯಂತೆ ಲಡ್ಡಾಗದ ಚಿತ್ರ ಬೇಕೆಂದು ಅವನು 1770ರ ದಶಕದ ಕೊನೆಯಲ್ಲಿ ಹೆಸರಾಂತ ಕುಂಬಾರ ಜೋಸಾಯ ವೆಜ್‌ವುಡ್‌ನ ಬಳಿಗೆ ಹೋದನು. ವೆಜ್‌ವುಡ್ ಅವನಿಗಾಗಿ ದೊಡ್ಡ ಅಂಡಾಕಾರದ ಮಣ್ಣಿನ ಫಲಕಗಳನ್ನು ಸುಟ್ಟುಕೊಟ್ಟನು. ಅಷ್ಟು ಅಗಲದ ಫಲಕ ಸೊಟ್ಟಗಾಗದೆ ಬಿರಿಯದೆ ಆವಿಗೆಯಿಂದ ಹೊರಬರುವುದು ಸುಲಭದ ಮಾತಲ್ಲ. ಅಂಥ ಫಲಕಗಳು ಇಂದು ವಸ್ತುಸಂಗ್ರಹಾಲಯಗಳ ಸೊತ್ತು, ಸಂತೆಗೆ ಬರುವಂಥವಲ್ಲ.

ಸಂತೆಗೆ ಬರುವುದು ಅಚ್ಚಿನ ಹರಿವಾಣ. ಅದು ಹುಟ್ಟುವ ಬಗೆ ಮುದ್ರಣಕಲೆಯ ಪರಿಚಯವಿರುವವರಿಗೆ ರಸವತ್ತಾದ ವಿಷಯ. ಕಂಡರಣೆಗಾರನು ತಾಮ್ರದ ತಗಡಿನ ಮೇಲೆ ಚಿತ್ರವನ್ನು ಕೊರೆಯುತ್ತಾನೆ. ತಗಡನ್ನು ಬೆಚ್ಚಗೆ ಮಾಡಿ, ಕೋಬಾಲ್ಟಿನ ನೀಲಿಯನ್ನು ಎಣ್ಣೆಯಲ್ಲಿ ಕಲಸಿ ಗೆರೆಗಳೊಳಗೆ ತುಂಬುತ್ತಾರೆ. ಅದರ ಮೇಲೆ ತೆಳುವಾದ ಕಾಗದವನ್ನಿಟ್ಟು ಒತ್ತಿ ತೆಗೆದರೆ ಚಿತ್ರ ಕಾಗದಕ್ಕೆ ಬರುತ್ತದೆ. ಆ ಕಾಗದವನ್ನು ಒಮ್ಮೆ ಸುಟ್ಟ, ಇನ್ನೂ ಮೆರುಗು ಕಾಣದ ಹರಿವಾಣದ ಮೇಲೆ ಹರಡಿ ಗಡುಸಾದ ಕುಂಚದಿಂದ ತಿಕ್ಕಿ, ನೀರಿನಲ್ಲಿ ಕಾಗದವನ್ನು ತೊಳೆದು ತೆಗೆಯುತ್ತಾರೆ. ಚಿತ್ರ ಮಣ್ಣಿಗಂಟಿ ಉಳಿಯುತ್ತದೆ. ಎಣ್ಣೆ ಹೋಗಲೆಂದು ಮತ್ತೊಮ್ಮೆ ಕಾಯಿಸಿ, ಮೆರುಗಿನ ದ್ರವದಲ್ಲಿ ಅದ್ದಿ, ಕೊನೆಯದಾಗಿ ಆವಿಗೆಗೆ ಕಳುಹಿಸುತ್ತಾರೆ. ಅಷ್ಟು ಕಾವಿಗೂ ಕೆಡದೆ ನಿಲ್ಲುವ ಗುಣ ಕೋಬಾಲ್ಟಿಗೆ ಇರುವುದರಿಂದಲೇ ಹಳೆಯ ಹರಿವಾಣಗಳಲ್ಲಿ ಬಹುಪಾಲು ನೀಲಿಯವು.

ಪಾತ್ರೆಗೆ ಅಚ್ಚೊತ್ತುವ ಈ ವಿದ್ಯೆ ಹದಿನೆಂಟನೆಯ ಶತಮಾನದ ನಡುಭಾಗದ್ದು. 1756ರಲ್ಲಿ ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ ಎಂಬಿಬ್ಬರು ಆರು ಗಂಟೆಗಳೊಳಗೆ 1200ಕ್ಕೂ ಹೆಚ್ಚು ಬಿಲ್ಲೆಗಳಿಗೆ ಚಿತ್ರ ಮುದ್ರಿಸಿದೆವೆಂದು ಪ್ರಮಾಣಪತ್ರವನ್ನೇ ಬರೆದುಕೊಟ್ಟರು. ಮೆರುಗಿನಡಿಯಲ್ಲಿ ನೀಲಿಯನ್ನು ಅಚ್ಚೊತ್ತುವ ಕ್ರಮವನ್ನು 1784ರ ಸುಮಾರಿಗೆ ಹದಕ್ಕೆ ತಂದವನು ಸ್ಟೋಕ್ ಪಟ್ಟಣದ ಜೋಸಾಯ ಸ್ಪೋಡ್. ಸ್ಟ್ಯಾಫರ್ಡ್‌ಶೈರಿನ ಆರು ಪಟ್ಟಣಗಳು, ಅಂದರೆ ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್‌ಟನ್, ಈ ಕಸುಬಿನಿಂದಲೇ ಬದುಕಿದವು. 1910ರಲ್ಲಿ ಅವು ಒಂದುಗೂಡಿ ಸ್ಟೋಕ್-ಆನ್-ಟ್ರೆಂಟ್ ಆಯಿತು.

ಚಿತ್ರಗಳನ್ನು ಕುಂಬಾರರು ಎಲ್ಲಿಂದ ತಂದರು? ಹೆಚ್ಚಾಗಿ ಅಂದಿನ ಪುಸ್ತಕಗಳಿಂದ. ಇದರಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಪ್ರಕರಣವಿದೆ. ಬಂಗಾಳದ ಸೇನೆಯಲ್ಲಿ ಸುಮಾರು ಇಪ್ಪತ್ತು ವರ್ಷ ಇದ್ದ ಥಾಮಸ್ ವಿಲಿಯಮ್ಸನ್ ಎಂಬ ಕ್ಯಾಪ್ಟನ್ ಭಾರತದ ಬೇಟೆಗಳನ್ನು ಕುರಿತು 'ಓರಿಯಂಟಲ್ ಫೀಲ್ಡ್ ಸ್ಪೋರ್ಟ್ಸ್' ಎಂಬ ಗ್ರಂಥವನ್ನು ಬರೆದನು. ಲಂಡನ್ನಿನ ಎಡ್ವರ್ಡ್ ಓರ್ಮ್ 1805ರಿಂದ 1807ರವರೆಗೆ ಅದನ್ನು ಭಾಗಭಾಗವಾಗಿ ಪ್ರಕಟಿಸಿದನು. ಅದರಲ್ಲಿ ನಲವತ್ತು ವರ್ಣಚಿತ್ರಗಳು. ಅವುಗಳನ್ನು ರಚಿಸಿದ ಸ್ಯಾಮ್ಯುಯೆಲ್ ಹೋವಿಟ್ ಭಾರತವನ್ನು ಕಂಡವನೇ ಅಲ್ಲ. ವಿಲಿಯಮ್ಸನ್ ಕೊಟ್ಟ ರೇಖೆಗಳನ್ನು ಆಧರಿಸಿ ಲಂಡನ್ನಿನಲ್ಲಿ ಕುಳಿತು ಬರೆದನು. ಸುಮಾರು 1815ರ ಹೊತ್ತಿಗೆ ಸ್ಪೋಡ್ ಕಾರ್ಖಾನೆಯವರು ಆ ಚಿತ್ರಗಳನ್ನು ತಮ್ಮ ಊಟದ ಜೋಡಣೆಗೆ ಇಳಿಸಿಕೊಂಡರು. ಬೇರೆ ಜೋಡಣೆಗಳಲ್ಲಿ ಎಲ್ಲ ಪಾತ್ರೆಗಳಿಗೂ ಒಂದೇ ಚಿತ್ರವಿದ್ದರೆ, ಇದರಲ್ಲಿ ಅಳತೆಗೊಂದು ಚಿತ್ರ. ಒಂದರಲ್ಲಿ ಮರವೇರಿದ ಚಿರತೆಗೆ ಗುಂಡು, ಇನ್ನೊಂದರಲ್ಲಿ ಕರಡಿಯ ಸಾವು, ಮತ್ತೊಂದರಲ್ಲಿ ಕುದುರೆಸವಾರರು ಈಟಿ ಹಿಡಿದು ಸುತ್ತುವರಿದ ಕಾಡುಹಂದಿ. ಅಂಚಿನ ಸುತ್ತ ಕಾಡುಮೃಗಗಳ ಸಾಲು. ಸಂಗ್ರಾಹಕರು ಇದನ್ನು 'ಇಂಡಿಯನ್ ಸ್ಪೋರ್ಟಿಂಗ್' ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಶ್ರೀಮಂತರು ತಾವು ಎಂದೂ ಕಾಣದ ನಾಡಿನ ಮೃಗಗಳ ಸಾವನ್ನು ನೋಡುತ್ತ ಭೋಜನ ಮಾಡಿದರು! 1842ರಲ್ಲಿ ಗ್ರಂಥಸ್ವಾಮ್ಯದ ಕಾನೂನು ಬಿಗಿಯಾದ ಮೇಲೆ ಹೀಗೆ ಪುಸ್ತಕಗಳಿಂದ ಚಿತ್ರ ಎತ್ತುವ ವಾಡಿಕೆಗೆ ತಡೆಬಿತ್ತು.

ಈಗ ನನ್ನ ಆಸಕ್ತಿಯ ತಿರುಳಿಗೆ ಬರುತ್ತೇನೆ. ಹಸ್ತಪ್ರತಿಗಳನ್ನು ಸಂಪಾದಿಸುವವನಿಗೆ ಕಾಲನಿರ್ಣಯವೆಂಬುದು ನಿತ್ಯದ ಕಸರತ್ತು. ಪ್ರತಿಯ ಕೊನೆಯಲ್ಲಿ ಲಿಪಿಕಾರ ಸಂವತ್ಸರವನ್ನು ಬರೆದಿದ್ದರೆ ಭಾಗ್ಯ. ಇಲ್ಲವಾದರೆ ಅಕ್ಷರದ ವಟ್ರಸುಳಿ, ಓಲೆಯ ಕಟ್ಟು, ದಾರದ ರಂಧ್ರ ಇವುಗಳನ್ನೇ ಸಾಕ್ಷಿಗೆ ಕರೆಯಬೇಕು. ಹರಿವಾಣದ ಬೆನ್ನೂ ಹಾಗೆಯೇ. ಮುಖದಲ್ಲಿರುವುದು ಕಾವ್ಯ, ಬೆನ್ನಿನಲ್ಲಿರುವುದು ಗದ್ಯ. ವಜ್ರಾಕೃತಿಯ ನೋಂದಣಿ ಮುದ್ರೆ ಇದ್ದರೆ ಆ ವಿನ್ಯಾಸ ನೋಂದಣಿಯಾದದ್ದು 1842ರಿಂದ 1883ರ ನಡುವೆ. ಅನಂತರ ಬಂದುದು ಬರಿಯ ನೋಂದಣಿ ಸಂಖ್ಯೆ. ಆಮದು ವಸ್ತುಗಳ ಮೇಲೆ ದೇಶದ ಹೆಸರು ಇರತಕ್ಕದ್ದೆಂದು ಅಮೆರಿಕವು ಕಾನೂನು ಮಾಡಿದ್ದರಿಂದ, 'ಇಂಗ್ಲೆಂಡ್' ಎಂಬ ಅಚ್ಚು ಸಾಮಾನ್ಯವಾಗಿ 1891ರ ಈಚಿನದು. 'ಮೇಡ್ ಇನ್ ಇಂಗ್ಲೆಂಡ್' ಎಂದಿದ್ದರೆ ಇಪ್ಪತ್ತನೆಯ ಶತಮಾನದ್ದು. ಮುದ್ರೆಯೇ ಇಲ್ಲದಿದ್ದರೆ ಬೇರೆ ಸಾಕ್ಷಿಗಳಿವೆ. ಪಾದದ ಮೂಲೆಯಲ್ಲಿ ಮೆರುಗು ತಿಳಿನೀಲಿಯಾಗಿ ಮಡುಗಟ್ಟಿದ್ದರೆ ಹತ್ತೊಂಬತ್ತನೆಯ ಶತಮಾನದ ಆರಂಭದ್ದಾಗಿರಬಹುದು. ಆವಿಗೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಅಂಟದಂತೆ ನಡುವೆ ಇಡುತ್ತಿದ್ದ ಮುಕ್ಕಾಲಿಯ ಗುರುತು ಮೂರು ಚುಕ್ಕೆಗಳಾಗಿ ಉಳಿದಿರುತ್ತದೆ. ಅಂಚಿನ ಚಿತ್ರದಲ್ಲಿ ಕಾಗದದ ತುಂಡುಗಳು ಕೂಡಿದ ಕಡೆ ಬಳ್ಳಿಯೊಂದು ತಟ್ಟನೆ ಕಡಿದು, ಎಲೆಯೊಂದು ಅರ್ಧಕ್ಕೆ ನಿಂತಿದ್ದರೆ ಅದು ಕೈಯಿಂದ ಅಚ್ಚು ಅಂಟಿಸಿದ್ದಕ್ಕೆ ಆಧಾರ. ಲಿಪಿಕಾರನ ಸ್ಖಾಲಿತ್ಯ ಸಂಪಾದಕನಿಗೆ ದಾರಿ ತೋರುವಂತೆ ಈ ಕೂಡುಗೆರೆ ಸಂಗ್ರಾಹಕನಿಗೆ ದಾರಿ ತೋರುತ್ತದೆ.

ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕೇಳುವುದೂ ಒಂದು ಪರೀಕ್ಷೆ. ಗಟ್ಟಿಯಿದ್ದದ್ದು ನಾದ ಕೊಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದದ್ದು ಬೊದ್ದೆನ್ನುತ್ತದೆ. ನಮ್ಮ ಹೆಣ್ಣುಮಕ್ಕಳು ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮಾಡುವ ಪರೀಕ್ಷೆಯೂ ಇದೇ ತಾನೆ?

ನನ್ನ ಸಂಗ್ರಹದಲ್ಲಿ ಬೆಲೆಬಾಳುವಂಥದು ಯಾವುದೂ ಇಲ್ಲ. ಎಂಟು ಹರಿವಾಣಗಳು ಇಪ್ಪತ್ತನೆಯ ಶತಮಾನದವು. ಅವುಗಳಲ್ಲೊಂದು ಕೋಪ್‌ಲೆಂಡ್ ಸ್ಪೋಡ್ ಮುದ್ರೆಯದು. ಜಾನ್ ಫ್ರೆಡರಿಕ್ ಹೆರಿಂಗ್ (1795–1865) ಎಂಬ ಚಿತ್ರಕಾರನ ನರಿಬೇಟೆಯ ಚಿತ್ರ ಅದರ ಮೇಲಿದೆ. ಈ ಹೆರಿಂಗ್ ಮೊದಲು ಸಾರೋಟು ಹೊಡೆಯುವವನಾಗಿದ್ದು, ಕುದುರೆಗಳ ಬೆನ್ನನ್ನೇ ದಿನವಿಡೀ ನೋಡುತ್ತ ಚಿತ್ರಕಾರನಾದವನು. ಇಂಗ್ಲೆಂಡಿನಲ್ಲಿ ನಾಯಿಗಳಿಂದ ನರಿಬೇಟೆಯಾಡುವುದನ್ನು 2004ರ ಕಾಯಿದೆ ನಿಷೇಧಿಸಿತು. 2005ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಸ್ಪೋಡ್ ಕಾರ್ಖಾನೆಯೂ 2008ರಲ್ಲಿ ದಿವಾಳಿಯಂಚಿಗೆ ಬಂದು, ಮರುವರ್ಷ ಅದರ ಹೆಸರು ಬೇರೊಂದು ಸಂಸ್ಥೆಯ ಪಾಲಾಯಿತು. ಬೇಟೆ ನಿಂತಿತು, ಕಾರ್ಖಾನೆ ಮುಚ್ಚಿತು, ಹರಿವಾಣದ ಮೇಲೆ ಕುದುರೆ ಮಾತ್ರ ಓಡುತ್ತಿದೆ. ನನ್ನ ಮೊಮ್ಮಗಳು ಆರು ವರ್ಷದವಳಿದ್ದಾಗ ಇದನ್ನು ನೋಡಿ, "ಅಜ್ಜಾ, ಎಲ್ಲಾರೂ ಯಾರನ್ನ ಬೆನ್ನುಹತ್ತ್ಯಾರ?" ಎಂದು ಕೇಳಿದಳು. ಚಿತ್ರದಲ್ಲಿ ನರಿಯೇ ಇರಲಿಲ್ಲ. "ಅದು ತಪ್ಪಿಸಿಕೊಂಡು ಹೋಗೇದ" ಎಂದೆ. ಆಕೆಗೆ ಸಮಾಧಾನವಾಯಿತು, ನನಗೂ ಆಯಿತು.

ಉಳಿದ ಮೂರು ಹತ್ತೊಂಬತ್ತನೆಯ ಶತಮಾನದವು. ಅವುಗಳಲ್ಲೊಂದು ನನಗೆ ಎಲ್ಲಕ್ಕಿಂತ ಪ್ರಿಯ. ಕುಂಬಾರನ ಮುದ್ರೆಯಿಲ್ಲ, ಹೆಸರಿಲ್ಲ. ನದಿಯ ದಂಡೆಯಲ್ಲಿ ಸವಾರನಿಲ್ಲದೆ ನೀರು ಕುಡಿಯುತ್ತಿರುವ ಒಂದು ಕುದುರೆ, ಹಿಂದೊಂದು ಮುರುಕು ಗೋಪುರ. ಅಂಚು ಎರಡು ಕಡೆ ಮುಕ್ಕಾಗಿದೆ. ಬೆನ್ನ ಮೇಲೆ ನೀಲಿಯಲ್ಲಿ ಒಂದು ಸಣ್ಣ ಗೀಟು, ಅದರ ಪಕ್ಕದಲ್ಲಿ ಒಂದು ಚುಕ್ಕೆ, ಅಷ್ಟೆ. ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ತಿರುವಿ ಅದರ ಅರ್ಥ ತಿಳಿದುಕೊಂಡೆ. ಅದು ಕೆಲಸಗಾರರ ಲೆಕ್ಕದ ಗುರುತು. ಅಂದಿನ ಕಾರ್ಖಾನೆಗಳಲ್ಲಿ ನಗಕ್ಕಿಷ್ಟು ಎಂದು ಕೂಲಿ. ಅದೂ ಮಾಡಿದ್ದಕ್ಕೆಲ್ಲ ಅಲ್ಲ. ಆವಿಗೆಯಿಂದ ಕೆಡದೆ ಹೊರಬಂದದ್ದಕ್ಕೆ ಮಾತ್ರ ಕೊಡುವ ಪದ್ಧತಿ ಬಹುಕಾಲ ನಡೆಯಿತು. ಆವಿಗೆಯ ಉರಿ ಹೆಚ್ಚಾಗಿ ಪಾತ್ರೆ ಸೊಟ್ಟಗಾದರೂ ಆ ಉರಿಗೆ ಸಂಬಂಧವೇ ಇಲ್ಲದ ಕೆಲಸಗಾರನ ಕೂಲಿ ಹೋಯಿತು! ಯಾವುದು ಯಾರ ಕೈಯದೆಂದು ಗುರುತಿಸಲು ತಮ್ಮ ತಮ್ಮ ಚಿಹ್ನೆಗಳನ್ನು ಬೆನ್ನ ಮೇಲೆ ಹಾಕುತ್ತಿದ್ದರು. ಅಚ್ಚಿನ ಯಂತ್ರದ ಬಳಿ ಗಂಡಸು. ಕಾಗದವನ್ನು ಅಂಟಿಸಿ ತಿಕ್ಕುವವಳು ಹೆಂಗಸು. ಕಾಗದ ಕತ್ತರಿಸಿಕೊಡುವವಳು ಇನ್ನೂ ಎಳೆಯ ಹುಡುಗಿ.

ಲಾಂಗ್‌ಟನ್ನಿನಲ್ಲಿ ಗ್ಲಾಡ್‌ಸ್ಟನ್ ಪಾಟರಿ ಎಂಬ ಹಳೆಯ ಕಾರ್ಖಾನೆಯನ್ನು ಈಗ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಮಗ ನಮ್ಮಿಬ್ಬರನ್ನೂ ಒಮ್ಮೆ ಅಲ್ಲಿಗೆ ಕರೆದೊಯ್ದ. ದೈತ್ಯಾಕಾರದ ಸೀಸೆಗಳನ್ನು ನೆಟ್ಟಂತೆ ಇಟ್ಟಿಗೆಯ ಆವಿಗೆಗಳು ನಿಂತಿವೆ. ಒಂದು ಕಾಲಕ್ಕೆ ಇಂಥವು ಆ ಪ್ರದೇಶದಲ್ಲಿ ಸಾವಿರಗಟ್ಟಲೆ ಹೊಗೆಯುಗುಳುತ್ತಿದ್ದವಂತೆ. 1956ರ ಶುದ್ಧ ಗಾಳಿಯ ಕಾಯಿದೆಯ ಅನಂತರ ಕಲ್ಲಿದ್ದಲಿನ ಆವಿಗೆಗಳು ಆರಿದವು. ಇಂದು ಐವತ್ತಕ್ಕೂ ಕಡಿಮೆ ಉಳಿದಿವೆ. ಪಾತ್ರೆ ತುಂಬಿದ ಬೆಂಕಿಮಣ್ಣಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಏಣಿಯೇರಿ ಒಳಗೆ ಪೇರಿಸುತ್ತಿದ್ದರು. ಮೆರುಗಿನ ತೊಟ್ಟಿಯಲ್ಲಿ ಪಾತ್ರೆ ಅದ್ದುವವರ ಮೈಗೆ ಸೀಸ ಸೇರಿ, ಕೈಕಾಲು ಸತ್ತು, ಹೊಟ್ಟೆ ಹಿಂಡಿ, ಅಕಾಲದಲ್ಲಿ ಸಾಯುವುದಿತ್ತು. 1841ರಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವನ್ ಎಂಬ ಅಧಿಕಾರಿ ಸರಕಾರದ ಪರವಾಗಿ ಈ ಕಾರ್ಖಾನೆಗಳ ಮಕ್ಕಳನ್ನು ಮಾತನಾಡಿಸಿ ವರದಿ ಬರೆದನು. ಆ ಮಕ್ಕಳ ಪೈಕಿಯವನೇ ಎನ್ನಬಹುದಾದ ಚಾರ್ಲ್ಸ್ ಶಾ, ಏಳರ ಪ್ರಾಯದಲ್ಲಿ ಟನ್‌ಸ್ಟಾಲಿನಲ್ಲಿ ಅಚ್ಚು ಹೊತ್ತು ಓಡುವ ಕೆಲಸಕ್ಕೆ ಸೇರಿದವನು, ಮುಪ್ಪಿನಲ್ಲಿ ತನ್ನ ಬಾಲ್ಯದ ಕಥೆಯನ್ನು ಬರೆದನು. ಅದು 1903ರಲ್ಲಿ ಪುಸ್ತಕವಾಯಿತು. ಅದನ್ನು ಓದಿದ ಮೇಲೆ ಯಾವ ಹರಿವಾಣವನ್ನೂ ಬರಿಯ ಚೆಲುವಿಗಾಗಿ ನೋಡುವುದು ನನಗೆ ಸಾಧ್ಯವಾಗಿಲ್ಲ.

ಕಾಯಕವನ್ನು ಪೂಜೆಯೆಂದು ಕಲಿಸಿದ ಪರಂಪರೆಯಲ್ಲಿ ಬೆಳೆದವನು ನಾನು. ಕುಂಬಾರ ಗುಂಡಯ್ಯನವರ ಕಥೆಯನ್ನು ಮಠದಲ್ಲಿ ಕೇಳುತ್ತಲೇ ದೊಡ್ಡವನಾದೆ. ಆ ಹೆಸರಿಲ್ಲದ ಹರಿವಾಣದ ಬೆನ್ನಿನ ಗೀಟು, ಅದರ ಪಕ್ಕದ ಚುಕ್ಕೆ, ಯಾವಳೋ ಒಬ್ಬ ತಾಯಿ "ಇದು ನನ್ನ ಕೈಯ ಕೆಲಸ, ನನ್ನ ಕೂಲಿ ನನಗೆ ಬರಲಿ" ಎಂದು ಬರೆದ ಸಹಿಯಂತೆ ನನಗೆ ತೋರುತ್ತದೆ. ಕಾರ್ಖಾನೆಯ ಒಡೆಯನ ಹೆಸರು ಅಳಿದಿದೆ; ಆಕೆಯ ಗೀಟು ಉಳಿದಿದೆ. ಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಇನ್ನರ್ಧವನ್ನು ಕಲಿಸಿದವರು ನನ್ನ ಶ್ರೀಮತಿಯವರು. ನನಗೆ ಅರವತ್ತು ತುಂಬಿದಾಗ ಮಕ್ಕಳು ಸೇರಿ ಒಂದಿಷ್ಟು ಹಣ ಕೊಟ್ಟು, "ಅಪ್ಪಾಜಿ, ನಿಮಗೆ ಬೇಕಾದ್ದು ತಗೋರಿ" ಎಂದರು. ಅದಾದ ಮೇಲಿನ ಪ್ರವಾಸದಲ್ಲಿ, ಹತ್ತಿರದ ಪಟ್ಟಣವೊಂದರ ಹರಾಜು ಮನೆಯಲ್ಲಿ ಇಂಡಿಯನ್ ಸ್ಪೋರ್ಟಿಂಗಿನ ಹರಿವಾಣವೊಂದು ಬಂದಿರುವ ಸಂಗತಿ ತಿಳಿಯಿತು. ಸವಾರರು ಸುತ್ತುಗಟ್ಟಿದ ಕಾಡುಹಂದಿಯ ಚಿತ್ರ. ಒಂದೂ ಮುಕ್ಕಿಲ್ಲ. ಕೈಯಲ್ಲಿದ್ದ ಹಣಕ್ಕೂ ಅದಕ್ಕೆ ಅವರು ಅಂದಾಜು ಮಾಡಿದ್ದ ಬೆಲೆಗೂ ಸರಿಹೋಗುತ್ತಿತ್ತು. ಭಾರತದ ಚಿತ್ರ, ಪುಸ್ತಕದ ಮೂಲ, ಕುದುರೆಯ ಓಟ ಎಲ್ಲವೂ ಕೂಡಿದ ಅಂಥ ವಸ್ತು ನನ್ನಂಥವನಿಗೆ ಮತ್ತೆ ಎದುರಾಗುವ ಸಂಭವವಿರಲಿಲ್ಲ. ಹರಾಜಿನ ಹಿಂದಿನ ದಿನ ವಸ್ತುಗಳನ್ನು ನೋಡಲು ಬಿಡುತ್ತಾರೆ, ಇಬ್ಬರೂ ಹೋದೆವು.

ಅವರು ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ನೀವು ಕುದುರಿ ನೋಡಲಿಕ್ಹತ್ತೀರಿ. ನನಗ ನಡುವಿನ ಹಂದೀನ ಕಾಣಸ್ತದ" ಎಂದರು. ನರಿಯ ಹರಿವಾಣ ಮನೆಯಲ್ಲಿದೆಯಲ್ಲ ಎಂದೆ. "ಅದರಾಗ ನರಿ ತಪ್ಪಿಸಿಕೊಂಡದ ಅಂತ ಕೂಸಿಗೆ ಹೇಳೀರಿ. ಇದರಾಗ ಏನು ಹೇಳವರು?" ಎಂದರು. ನಾನು ಚಿತ್ರದ ಇತಿಹಾಸವನ್ನೂ, ಅದರ ಮಹತ್ತ್ವವನ್ನೂ, ಇದೊಂದು ದಾಖಲೆಯೆಂಬುದನ್ನೂ ವಿವರಿಸಿದೆ. ಎಲ್ಲವನ್ನೂ ಕೇಳಿ ಅವರು ಹೇಳಿದ್ದು ಒಂದೇ ಮಾತು: "ಖರೇ ಐತಿ. ಆದರ ನೋಡಲಿಕ್ಕೆ ಮನೀಗೇ ತರಬೇಕೇನು?"

ಆ ಪ್ರಶ್ನೆ ನನ್ನನ್ನು ಪಾಠಶಾಲೆಯ ದಿನಗಳಿಗೆ ಒಯ್ದಿತು. ಅಂದು ನಾವು ಓದಿದ ತಾಡವಾಲೆಯ ಕಟ್ಟುಗಳಲ್ಲಿ ಒಂದಾದರೂ ನಮ್ಮದಾಗಿರಲಿಲ್ಲ. ಮಠದವು ಮಠಕ್ಕೆ, ಮನೆತನದವು ಮನೆತನಕ್ಕೆ. ನಾವು ಹೋಗಿ, ಅಪ್ಪಣೆ ಪಡೆದು, ಬಿಚ್ಚಿ, ಓದಿ, ಪ್ರತಿ ಮಾಡಿಕೊಂಡು, ಮತ್ತೆ ಬಟ್ಟೆ ಸುತ್ತಿ ಇದ್ದಲ್ಲಿಯೇ ಇಟ್ಟು ಬರುತ್ತಿದ್ದೆವು. ನನ್ನ ಇಡೀ ವಿದ್ವತ್ತು ಕೈಗೆ ಬಂದು ಕೈಬಿಟ್ಟುಹೋದ ವಸ್ತುಗಳಿಂದ ಆದದ್ದು. ಒಡೆತನವಿಲ್ಲದೆ ಅರಿವು ಸಾಧ್ಯವೆಂಬುದಕ್ಕೆ ನಾನೇ ಉದಾಹರಣೆಯಾಗಿರುವಾಗ ಬೇರೆ ಪ್ರಮಾಣವೇಕೆ?

ಕಿಸೆಯಿಂದ ಟಿಪ್ಪಣಿಪುಸ್ತಕ ತೆಗೆದೆ. ಹರಿವಾಣದ ಉದ್ದ, ಅಗಲ, ಅಂಚಿನ ಮೃಗಗಳ ಸಾಲು, ಕಾಗದ ಕೂಡಿದ ಗೆರೆ, ಬೆನ್ನ ಮೇಲಿನ ಗುರುತುಗಳು ಎಲ್ಲವನ್ನೂ ಎರಡು ಗಂಟೆಗಳ ಕಾಲ ಬರೆದುಕೊಂಡೆ. ಹರಾಜಿನವರು ಕುರ್ಚಿಯೊಂದನ್ನು ತಂದುಕೊಟ್ಟರು. ಮರುದಿನ ಅದು ಯಾರ ಪಾಲಾಯಿತೋ ವಿಚಾರಿಸಲಿಲ್ಲ. ನನ್ನ ಹತ್ತಿರ ಅದರ ಪ್ರತಿ ಇದೆ. ಆ ಹಣ ಎಲ್ಲಿಗೆ ಸಂದಿತೆಂಬುದು ಬರೆದು ಹೇಳುವ ವಿಷಯವಲ್ಲ. ಹಸಿದವರಿಗೆ ಬಡಿಸುವ ಪಾತ್ರೆಗಳಿಗೇ ಸಂದಿತೆಂದರೆ ಸಾಕು.

ಅಂದಿನಿಂದ ಹೊಸ ಹರಿವಾಣ ಮನೆಗೆ ಬಂದಿಲ್ಲ; ಟಿಪ್ಪಣಿಪುಸ್ತಕ ಮಾತ್ರ ಮೂರನೆಯದಕ್ಕೆ ಬಂದಿದೆ. ಇರುವ ಹನ್ನೊಂದನ್ನು ಬಿಡುವ ಮನಸ್ಸೂ ನನಗಿಲ್ಲ. ಇಳಕಲ್ ಸೀರೆಗಳ ಮಡಿಕೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವು ಅವು. ಪ್ರತಿಯೊಂದರ ಹಿಂದೆಯೂ ಒಂದು ಚೀಟಿ ಇಟ್ಟಿದ್ದೇನೆ: ಎಲ್ಲಿ ಸಿಕ್ಕಿತು, ಯಾವ ಕಾಲದ್ದು, ಏಕೆ ಹಾಗೆನ್ನುತ್ತೇನೆ, ಯಾವುದು ಸಂದೇಹ. ಗೀಟು ಮತ್ತು ಚುಕ್ಕೆಯ ಹರಿವಾಣ ಮೊಮ್ಮಗಳಿಗೆಂದು ಗೊತ್ತುಮಾಡಿದ್ದೇನೆ. ಅವಳು ಹುಟ್ಟಿದ ನಾಡಿನದು ಅವಳೊಡನೆ ಆ ನಾಡಿಗೆ ಮರಳುವುದು ಯುಕ್ತ. ಉಳಿದವು ನನ್ನ ಅನಂತರ ಯಾವುದಾದರೂ ಶಾಲೆಗೆ ಹೋಗಲಿ; ಮಕ್ಕಳು ತಟ್ಟೆಯ ಬೆನ್ನು ಓದುವುದನ್ನು ಕಲಿಯಲಿ.

ಇಂಥ ಹವ್ಯಾಸಕ್ಕೆ ಇಳಿಯುವವರಿಗೆ ಒಂದೆರಡು ಸೂಚನೆಗಳು. ಹರಿವಾಣವನ್ನು ಅಂಚಿಗೆ ಬಿಗಿಯುವ ತಂತಿಯ ಕೊಂಡಿಯಿಂದ ಗೋಡೆಗೆ ತೂಗಹಾಕಬೇಡಿ. ಬಿಗಿತಕ್ಕೆ ಅಂಚು ಸೀಳುತ್ತದೆ. ಕಟ್ಟಿಗೆಯ ಆಸರೆಯಲ್ಲಿ ಒರಗಿಸಿಡಿ. ಒಂದರ ಮೇಲೊಂದು ಇಡಬೇಕಾದರೆ ನಡುವೆ ಮೆತ್ತನೆಯ ಬಟ್ಟೆ ಇರಲಿ. ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಂದಲೇ ತೊಳೆಯಿರಿ. ಬಿಸಿನೀರು ಹಳೆಯ ಬಿರುಕಿಗೆ ಶತ್ರು. ಮಾರುವವನ ಕಥೆಗೆ ಬೆಲೆ ಕೊಡದೆ ವಸ್ತುವಿಗಷ್ಟೇ ಕೊಡಿ.

ಆದರೆ ಬಹುಮಂದಿ ವಾಚಕರಿಗೆ ಸ್ಟ್ಯಾಫರ್ಡ್‌ಶೈರಿನ ಹರಿವಾಣ ಬೇಕಾಗಿಯೂ ಇಲ್ಲ, ಸಿಗುವಂತೆಯೂ ಇಲ್ಲ. ಅವರಲ್ಲಿ ನನ್ನ ವಿನಂತಿ ಬೇರೆ. ನಿಮ್ಮ ಮನೆಯ ಅಟ್ಟದ ಮೇಲೆ, ಮಜ್ಜಿಗೆಯ ಗಡಿಗೆಗಳ ಹಿಂದೆ, ಅಜ್ಜಿಯ ಮದುವೆಯಲ್ಲಿ ಬಂದ ಹಿತ್ತಾಳೆಯ ಹರಿವಾಣವೋ ತಂಬಿಗೆಯೋ ಕಂಚಿನ ಗಂಗ಼ಾಳವೋ ಇದ್ದೀತು. ಅದನ್ನು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ. ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರಗಳು ಕಂಡರೆ ಓದಿ. ಯಾರು ಯಾರಿಗೆ, ಯಾವ ಊರಿನಿಂದ, ಯಾವ ಶುಭಕಾರ್ಯಕ್ಕೆ ಕೊಟ್ಟರೆಂಬುದು ಅಲ್ಲಿರಬಹುದು. ಆ ಹೆಸರಿನವರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅವರು ಇರುವಾಗಲೇ ಕೇಳಿ. ಹಳೆಯ ಪಾತ್ರೆಯನ್ನು ತೂಕಕ್ಕೆ ಹಾಕಿ ಹೊಸದನ್ನು ತರಬೇಕಾದ ಪ್ರಸಂಗ ಸಂಸಾರದಲ್ಲಿ ಬಂದೀತು, ತಪ್ಪಲ್ಲ. ಹಾಕುವ ಮುನ್ನ ಅಕ್ಷರಗಳನ್ನು ಬರೆದುಕೊಂಡಿದ್ದರೆ ಹೋದದ್ದು ಬರಿಯ ಲೋಹ.